ಲೋಪಾಗಮಾದೇಶಗಳು : ಕಂಪ್ಯೂಟರ್ ಮೂಲಸೌಕರ್ಯದ ಬದಲಾವಣೆಯನ್ನು ಪರಿಶೀಲಿಸುವ ಬಗೆ

ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ ಮೂಲಸೌಕರ್ಯವೆಂಬುದು ಹೊಸ ಮಾತಲ್ಲ. ಅಂದು ಬೌರಿಂಗ್‌ಪೇಟೆಯೆಂದು ಹೆಸರಾಗಿದ್ದ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲು ಶಾಖೆ 1894ರಲ್ಲಿ ತೆರೆಯಿತು. ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರ ತಂತಿಯ ಮೇಲೆ ಹರಿದು 1902ರಲ್ಲಿ ಗಣಿಗಳನ್ನು ಮುಟ್ಟಿತು. ಬೆಂಗಳೂರು ನಗರಕ್ಕೆ ಆ ಭಾಗ್ಯ ದೊರೆತದ್ದು 1905ರಲ್ಲಿ. ಹಳಿ, ತಂತಿ, ನೀರಿನ ಕೊಳವೆ, ಪಾತಾಳಕ್ಕೆ ಇಳಿಯುವ ಪಂಜರ, ಇವೆಲ್ಲ ಕಣ್ಣಿಗೆ ಕಾಣುವ ಮೂಲಸೌಕರ್ಯಗಳು. ಇವುಗಳಲ್ಲಿ ಒಂದನ್ನು ಬದಲಿಸಬೇಕಾದರೆ ಯಾರಾದರೂ ಕಂಬ ಹತ್ತಬೇಕಾಗಿತ್ತು, ಹಳಿ ಕೀಳಬೇಕಾಗಿತ್ತು. ಮಾಡುವವನಿಗೂ ನೋಡುವವರಿಗೂ ಬದಲಾವಣೆಯ ಗಾತ್ರ ಎದುರಿಗೇ ಇರುತ್ತಿತ್ತು.

ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಊರಿಗಾಂ, ಚಾಂಪಿಯನ್ ರೀಫ್ ಮೊದಲಾದ ಕಡೆಗಳ ಸಾವಿರಾರು ಜನ ಇಂದು ಬೆಳಗಿನ ರೈಲು ಹಿಡಿದು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಅವರಲ್ಲಿ ಕಂಪ್ಯೂಟರ್ ಸಂಸ್ಥೆಗಳ ನೌಕರಿಯಲ್ಲಿರುವ ತರುಣ ತರುಣಿಯರೂ ಇದ್ದಾರೆ. ತಂದೆ ಗಣಿಯೊಳಗೆ ಮಾಡುತ್ತಿದ್ದ ಕೆಲಸವೇನೆಂದು ಊರಿಗೆಲ್ಲ ತಿಳಿದಿತ್ತು. ಮಕ್ಕಳು ಬೆಂಗಳೂರಿನಲ್ಲಿ ಮಾಡುವುದೇನೆಂದು ಮನೆಯವರಿಗೂ ಸ್ಪಷ್ಟವಿಲ್ಲ. ಅಂಥ ಕೆಲಸಗಳಲ್ಲಿ ಒಂದು, ಕಂಪ್ಯೂಟರ್‌ಗಳ ಮೂಲಸೌಕರ್ಯವನ್ನು ಬರಹದ ಮೂಲಕವೇ ಕಟ್ಟುವುದು, ಬದಲಿಸುವುದು, ಮತ್ತು ಆ ಬರಹವು ಕಾರ್ಯಕ್ಕೆ ಇಳಿಯುವ ಮುನ್ನ ಅದರಲ್ಲಿ ಅಡಗಿರುವ ಅಪಾಯವನ್ನು ಪರಿಶೀಲಿಸುವುದು. ಈ ಪರಿಶೀಲನೆಯು ಮೂಲತಃ ಓದುವ ವಿದ್ಯೆ. ಆದುದರಿಂದ ಭಾಷಾಧ್ಯಾಪಕರಿಗೂ ಇದು ಪರಕೀಯವಾದ ವಿಷಯವಲ್ಲ.

ಮೊದಲು ವಿಷಯದ ಸ್ವರೂಪ. ಬ್ಯಾಂಕು, ಆಸ್ಪತ್ರೆ, ರೈಲ್ವೆ ಟಿಕೆಟ್ಟು, ವಿದ್ಯಾರ್ಥಿಗಳ ಅಂಕಪಟ್ಟಿ, ಇವುಗಳ ಲೆಕ್ಕವೆಲ್ಲ ಇಂದು ಎಲ್ಲಿಯೋ ಇರುವ ಸರ್ವರ್‌ಗಳಲ್ಲಿ ಇರುತ್ತದೆ. ಆ ಸರ್ವರ್‌ಗಳನ್ನೂ ಅವುಗಳ ದತ್ತಾಂಶದ ಉಗ್ರಾಣಗಳನ್ನೂ ಅವುಗಳ ನಡುವಣ ಜಾಲವನ್ನೂ ಬಾಡಿಗೆಗೆ ಕೊಡುವ ದೊಡ್ಡ ಸಂಸ್ಥೆಗಳಿವೆ. ಆ ವ್ಯವಸ್ಥೆಗೆ ಕ್ಲೌಡ್ ಎಂದು ಹೆಸರು. ಹಿಂದೆ ಇವನ್ನು ಒಬ್ಬ ನೌಕರನು ಪರದೆಯ ಮುಂದೆ ಕುಳಿತು ಒಂದೊಂದಾಗಿ ಗುಂಡಿ ಒತ್ತಿ ಸಿದ್ಧಗೊಳಿಸುತ್ತಿದ್ದನು. ಮಾಡಿದ್ದೇನೆಂಬುದಕ್ಕೆ ಅವನ ನೆನಪೇ ದಾಖಲೆ. ಈಗ ಬೇಕಾದುದನ್ನೆಲ್ಲ ಒಂದು ಕಡತದಲ್ಲಿ ಬರೆಯುತ್ತಾರೆ: ಇಂಥ ಗಾತ್ರದ ಮೂರು ಸರ್ವರ್‌ಗಳಿರಲಿ, ಇಂಥ ಹೆಸರಿನ ಉಗ್ರಾಣವಿರಲಿ, ಇಂಥವರಿಗೆ ಮಾತ್ರ ಒಳಗೆ ಪ್ರವೇಶವಿರಲಿ. ಕಡತವನ್ನು ಓದಿದ ಯಂತ್ರವು ಹಾಗೆಯೇ ಕಟ್ಟಿಕೊಡುತ್ತದೆ. ಅಮೆಜಾನ್ ಸಂಸ್ಥೆಯ ಕ್ಲೌಡ್‌ಫಾರ್ಮೇಶನ್ 2011ರಲ್ಲಿ, ಹ್ಯಾಶಿಕಾರ್ಪ್ ಸಂಸ್ಥೆಯ ಟೆರಾಫಾರ್ಮ್ 2014ರಲ್ಲಿ ಬಳಕೆಗೆ ಬಂದವು. ಎರಡನೆಯದು ಇಂದು ಬಹುವಾಗಿ ರೂಢಿಯಲ್ಲಿರುವುದರಿಂದ ಇಲ್ಲಿಯ ನಿರೂಪಣೆ ಅದನ್ನೇ ಅನುಸರಿಸುತ್ತದೆ.

ಈ ಕಡತದ ವಾಕ್ಯಗಳು ವರ್ಣನೆಯ ವಾಕ್ಯಗಳಲ್ಲ, ವಿಧಿವಾಕ್ಯಗಳು. ಆದರೆ ಅವು ಫಲವನ್ನು ಹೇಳುತ್ತವೆಯೇ ಹೊರತು ಮಾರ್ಗವನ್ನು ಹೇಳುವುದಿಲ್ಲ. ‘ಮನೆ ಪೂರ್ವಾಭಿಮುಖವಾಗಿರಲಿ’ ಎಂದು ಬರೆದರಾಯಿತು. ಇರುವ ಮನೆಗೆ ಪೂರ್ವದಿಕ್ಕಿನಲ್ಲಿ ಬಾಗಿಲು ಇಡುವುದೋ, ಇರುವ ಮನೆಯನ್ನು ಕೆಡವಿ ಬೇರೆ ಕಟ್ಟುವುದೋ ಎಂಬುದನ್ನು ನಿರ್ಧರಿಸುವುದು ಯಂತ್ರ. ಬರೆದವನಿಗೂ ತನ್ನ ವಾಕ್ಯದ ಫಲಮಾರ್ಗದಲ್ಲಿ ಕೆಡವುವಿಕೆ ಇದೆಯೆಂಬುದು ಎಷ್ಟೋ ವೇಳೆ ತಿಳಿದಿರುವುದಿಲ್ಲ. ಈ ವಿದ್ಯೆಯ ಸೌಲಭ್ಯವೂ ಅಪಾಯವೂ ಇಲ್ಲಿಯೇ ಇವೆ.

ಅದೃಷ್ಟವಶಾತ್ ಯಂತ್ರವು ಕೆಡವುವ ಮುನ್ನ ಹೇಳುತ್ತದೆ. ಟೆರಾಫಾರ್ಮಿನಲ್ಲಿ ಎರಡು ಹಂತಗಳಿವೆ. ಮೊದಲನೆಯದು ಪ್ಲಾನ್: ಕಡತದಲ್ಲಿ ಏನು ಬರೆದಿದೆ, ಈಗ ವಾಸ್ತವವಾಗಿ ಏನಿದೆ, ಇವೆರಡನ್ನೂ ಹೋಲಿಸಿ, ಮುಂದೆ ತಾನು ಮಾಡಲಿರುವ ಕೆಲಸಗಳ ಪಟ್ಟಿಯನ್ನು ಒಪ್ಪಿಸುವುದು. ಎರಡನೆಯದು ಅಪ್ಲೈ: ಪಟ್ಟಿಯಲ್ಲಿರುವುದನ್ನು ನಡೆಸಿಬಿಡುವುದು. ಪರಿಶೀಲನೆಯ ಸ್ಥಾನ ಈ ಎರಡರ ನಡುವೆ.

ಪ್ಲಾನಿನ ಪಟ್ಟಿಯಲ್ಲಿ ಪ್ರತಿ ವಸ್ತುವಿನ ಹಿಂದೆಯೂ ಒಂದು ಚಿಹ್ನೆ ಇರುತ್ತದೆ. ಕೂಡಿಸುವ ಚಿಹ್ನೆ ಇದ್ದರೆ ಹೊಸದೊಂದು ಬರಲಿದೆ. ಕಳೆಯುವ ಚಿಹ್ನೆ ಇದ್ದರೆ ಇದ್ದುದೊಂದು ಅಳಿಯಲಿದೆ. ಅಲೆಯಂತಹ ಗೆರೆ ಇದ್ದರೆ ಇರುವ ವಸ್ತುವೇ ಇದ್ದಲ್ಲಿಯೇ ಕೊಂಚ ಮಾರ್ಪಡಲಿದೆ. ಕಳೆಯುವ ಕೂಡಿಸುವ ಚಿಹ್ನೆಗಳು ಜೊತೆಯಾಗಿ ಇದ್ದರೆ ಇದ್ದುದು ಅಳಿದು ಅದರ ಸ್ಥಾನದಲ್ಲಿ ಬೇರೆಯದು ಬರಲಿದೆ. ಕನ್ನಡ ವ್ಯಾಕರಣವನ್ನು ಓದಿದ ಯಾರಿಗೂ ಈ ವಿಭಾಗ ಅಪರಿಚಿತವೆನಿಸದು. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವಾಗ ಉಕಾರಕ್ಕೆ ಲೋಪ. ಗಣಿ ಮತ್ತು ಅಲ್ಲಿ ಸೇರಿ ಗಣಿಯಲ್ಲಿ ಆಗುವಾಗ ಯಕಾರದ ಆಗಮ. ಹೊಸ ಮತ್ತು ಕನ್ನಡ ಸೇರಿ ಹೊಸಗನ್ನಡ ಆಗುವಾಗ ಕಕಾರಕ್ಕೆ ಗಕಾರವು ಆದೇಶ. ಇದ್ದಲ್ಲಿಯೇ ಆಗುವ ಮಾರ್ಪಾಟನ್ನು ವಿಕಾರವೆನ್ನಬಹುದು. ಏನೂ ಬದಲಾಗದಿದ್ದರೆ ಪ್ರಕೃತಿಭಾವ. ಬದಲಾವಣೆ ಯಾವುದೂ ಇಲ್ಲವೆಂದು ಟೆರಾಫಾರ್ಮ್ ಕೂಡ ಆಗ ಒಂದು ಸಾಲಿನಲ್ಲಿ ಹೇಳಿ ಸುಮ್ಮನಾಗುತ್ತದೆ.

ಆಗಮವು ಮಿತ್ರನಂತೆ ಬಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ, ಆದೇಶವು ಶತ್ರುವಿನಂತೆ ಬಂದು ಇದ್ದವನನ್ನು ಎಬ್ಬಿಸಿ ತಾನು ಕೂರುತ್ತದೆ ಎಂದು ಪಾಠಶಾಲೆಗಳಲ್ಲಿ ವೈಯಾಕರಣರು ಹೇಳಿಕೊಡುವುದುಂಟು. ಯಂತ್ರಗಳ ವಿಷಯದಲ್ಲಿ ಈ ಶತ್ರುತ್ವ ಇನ್ನೂ ತೀಕ್ಷ್ಣವಾದುದು. ವ್ಯಾಕರಣಶಾಸ್ತ್ರದಲ್ಲಿ ಸ್ಥಾನಿವದ್ಭಾವವೆಂಬ ಒಂದು ಅನುಕೂಲವಿದೆ; ಯಾವುದರ ಸ್ಥಾನದಲ್ಲಿ ಆದೇಶ ಬಂದಿತೋ ಆ ಸ್ಥಾನಿಯ ಧರ್ಮಗಳು ಆದೇಶಕ್ಕೂ ಸಲ್ಲುತ್ತವೆ. ಯಂತ್ರಲೋಕದಲ್ಲಿ ಹಾಗಿಲ್ಲ. ಹೊಸ ಉಗ್ರಾಣಕ್ಕೆ ಹಳೆಯ ಉಗ್ರಾಣದ ಅಳತೆ ಬರುತ್ತದೆ, ಬೀಗದ ಬಗೆ ಬರುತ್ತದೆ, ಕೆಲವೊಮ್ಮೆ ಹೆಸರೂ ಬರುತ್ತದೆ. ಒಳಗಿದ್ದ ಧಾನ್ಯ ಬರುವುದಿಲ್ಲ. ಹತ್ತು ವರ್ಷಗಳ ರೋಗಿಗಳ ದಾಖಲೆ ಇದ್ದ ದತ್ತಾಂಶಕೋಶವು ‘ಬದಲಾಯಿತು’ ಎಂದು ಪಟ್ಟಿ ಹೇಳಿದಾಗ, ಅದೇ ಆಕಾರದ ಬರಿದಾದ ಕೋಶವೊಂದು ಅಲ್ಲಿ ನಿಂತಿದೆ ಎಂದು ಅರ್ಥ.

ಒಂದು ಕಲ್ಪಿತ ನಿದರ್ಶನದಿಂದ ಇದನ್ನು ಸ್ಪಷ್ಟಪಡಿಸಬಹುದು. ಈ ಪ್ರದೇಶದ ಯಾವುದೋ ಕಚೇರಿಯು ತನ್ನ ಹಳೆಯ ಕಾಗದಪತ್ರಗಳ ಚಿತ್ರಗಳನ್ನೆಲ್ಲ ಕ್ಲೌಡಿನ ಒಂದು ಉಗ್ರಾಣದಲ್ಲಿ ಇಟ್ಟಿದೆಯೆಂದೂ, ಇತಿಹಾಸಪ್ರೀತಿಯಿಂದ ಆ ಉಗ್ರಾಣಕ್ಕೆ ಬೌರಿಂಗ್‌ಪೇಟೆ-ದಾಖಲೆ ಎಂದು ಹೆಸರಿಟ್ಟಿದೆಯೆಂದೂ ಭಾವಿಸೋಣ. ಹೊಸದಾಗಿ ಕೆಲಸಕ್ಕೆ ಸೇರಿದ ತರುಣನೊಬ್ಬನು ಕಡತವನ್ನು ಓದುತ್ತ, ಊರಿನ ಹೆಸರು ಈಗ ಬಂಗಾರಪೇಟೆಯಲ್ಲವೇ ಎಂದು ಆ ಒಂದು ಪದವನ್ನು ತಿದ್ದುತ್ತಾನೆ. ತಿದ್ದಿದ ಪ್ರತಿಯು ಪರಿಶೀಲಕನ ಮುಂದೆ ಬರುತ್ತದೆ. ಒಂದೇ ಸಾಲು; ಅದೂ ಸರಿಯಾದ ತಿದ್ದುಪಡಿ. ಭಾಷೆಯ ದೃಷ್ಟಿಯಿಂದ ನೋಡಿದರೆ ಆಕ್ಷೇಪಿಸಲು ಏನೂ ಇಲ್ಲ. ಊರಿನ ಹೆಸರು ಬದಲಾದಾಗ ಯಾರ ಮನೆಯೂ ಬೀಳಲಿಲ್ಲ, ಯಾವ ಬಾವಿಯನ್ನೂ ಮುಚ್ಚಲಿಲ್ಲ. ಆದರೆ ಅಮೆಜಾನಿನ ಉಗ್ರಾಣಗಳಲ್ಲಿ ಹೆಸರೇ ವಸ್ತುವಿನ ಗುರುತು. ಹೆಸರನ್ನು ಬದಲಿಸುವ ಕ್ರಿಯೆಯೇ ಅಲ್ಲಿಲ್ಲ. ಆದುದರಿಂದ ಪ್ಲಾನ್ ಹೇಳುವುದು: ಬೌರಿಂಗ್‌ಪೇಟೆ ಎಂಬುದನ್ನು ಅಳಿಸುತ್ತೇನೆ, ಬಂಗಾರಪೇಟೆ ಎಂಬುದನ್ನು ಹೊಸದಾಗಿ ನಿರ್ಮಿಸುತ್ತೇನೆ. ಕಡತದ ತಿದ್ದುಪಡಿಯನ್ನು ಮಾತ್ರ ಓದಿದವನು ಕಾಗುಣಿತದ ಶುದ್ಧಿಯನ್ನು ಕಂಡು ಸಮ್ಮತಿ ಕೊಡುತ್ತಾನೆ. ಪ್ಲಾನನ್ನು ಓದಿದವನು ಕೈ ತಡೆಯುತ್ತಾನೆ.

ಉಗ್ರಾಣ ಬರಿದಾಗಿಲ್ಲದಿದ್ದರೆ ಅಳಿಸಲು ಅಮೆಜಾನ್ ಒಪ್ಪುವುದಿಲ್ಲ ಎಂಬ ಒಂದು ರಕ್ಷಣೆ ಇದೆ, ನಿಜ. ಆದರೆ ತುಂಬಿದ್ದರೂ ಬಲವಂತವಾಗಿ ಅಳಿಸಬಹುದೆಂಬ ಸಮ್ಮತಿಯನ್ನು ಅದೇ ಕಡತದಲ್ಲಿ, ಬೇರೆ ಸಾಲಿನಲ್ಲಿ, ಎಂದೋ ಯಾರೋ ತಮ್ಮ ಪ್ರಯೋಗದ ಅನುಕೂಲಕ್ಕಾಗಿ ಬರೆದಿಟ್ಟಿರಬಹುದು. ಆ ಸಾಲು ಇಂದಿನ ತಿದ್ದುಪಡಿಯಲ್ಲಿ ಇಲ್ಲವಾದ್ದರಿಂದ ಪರಿಶೀಲಕನ ಕಣ್ಣಿಗೆ ತಾನಾಗಿ ಬೀಳದು. ಓದುವವನು ತಿದ್ದಿದ ಸಾಲಿನ ಸುತ್ತಲಿನ ಸಾಲುಗಳನ್ನೂ ಓದಬೇಕೆಂಬ ನಿಯಮ ಇದರಿಂದ ಹುಟ್ಟಿತು. ವಸ್ತುವಿನ ನಿಜನಾಮವಲ್ಲದೆ ಕಡತದೊಳಗೆ ಅದಕ್ಕೆ ಕೊಟ್ಟ ಸಂಕೇತನಾಮವನ್ನು ಮಾತ್ರ ಬದಲಿಸಿದರೂ ಟೆರಾಫಾರ್ಮ್ ಹಳೆಯದು ಹೋಯಿತು, ಹೊಸದು ಬಂದಿತು ಎಂದೇ ಗ್ರಹಿಸುತ್ತಿತ್ತು. 2021ರ ಡಿಸೆಂಬರಿನಲ್ಲಿ ಹೊರಬಂದ 1.1ನೆಯ ಆವೃತ್ತಿಯಿಂದ, ಇದು ಸ್ಥಳಾಂತರ ಮಾತ್ರ, ವಸ್ತು ಅದೇ ಎಂದು ಬರೆದು ತಿಳಿಸುವ ಸೌಕರ್ಯ ದೊರೆತಿದೆ. ಬರೆಯಲು ಮರೆತರೆ ಹಿಂದಿನ ಫಲವೇ.

ಸದುದ್ದೇಶವೂ ರಕ್ಷಣೆಯಲ್ಲ. ದತ್ತಾಂಶವನ್ನು ಗೂಢಲಿಪಿಯಲ್ಲಿ ಇಡಬೇಕೆಂಬುದು ಇಂದಿನ ಸುರಕ್ಷೆಯ ಮೊದಲ ಪಾಠ. ಅಮೆಜಾನಿನ ದತ್ತಾಂಶಕೋಶವೊಂದಕ್ಕೆ ಸಂಬಂಧಿಸಿದ ಕಡತದಲ್ಲಿ ‘ಗೂಢಲಿಪಿ: ಬೇಡ’ ಎಂದಿದ್ದುದನ್ನು ‘ಬೇಕು’ ಎಂದು ತಿದ್ದಿದವನನ್ನು ಎಲ್ಲರೂ ಪ್ರಶಂಸಿಸುವರು. ಆದರೆ ಒಮ್ಮೆ ನಿರ್ಮಿತವಾದ ಕೋಶಕ್ಕೆ ಆ ಗುಣವನ್ನು ಆಮೇಲೆ ಸೇರಿಸಲು ಬರುವುದಿಲ್ಲ. ಟೆರಾಫಾರ್ಮ್ ಕೋಶವನ್ನೇ ಅಳಿಸಿ ಹೊಸದನ್ನು ಮಾಡಲು ಹೊರಡುತ್ತದೆ. ಕಳ್ಳರ ಭಯಕ್ಕೆ ಬಾಗಿಲು ಬಲಪಡಿಸಲು ಹೋಗಿ ಮನೆಯನ್ನೇ ನೆಲಸಮ ಮಾಡಿದಂತಾಯಿತು. ಮೊದಲು ಪ್ರತಿ ತೆಗೆದು, ಗೂಢಲಿಪಿಯ ಹೊಸ ಕೋಶದಲ್ಲಿ ಅದನ್ನು ತುಂಬಿ, ಸರಿಯಿದೆಯೆಂದು ನೋಡಿ, ಅನಂತರ ಹಳೆಯದನ್ನು ಬಿಡುವ ದೀರ್ಘ ಮಾರ್ಗವೇ ಇಲ್ಲಿ ಇರುವ ಮಾರ್ಗ.

ಹಾಗೆಂದು ಲೋಪ ಆದೇಶಗಳನ್ನು ಹುಡುಕಿ, ಆಗಮವನ್ನು ಮಿತ್ರನೆಂದು ನಂಬಿ ಬಿಡುವುದೂ ಸಲ್ಲದು. ವೈಯಾಕರಣರ ಮಾತು ಇಲ್ಲಿ ಪೂರ್ತಿಯಾಗಿ ನಡೆಯದು. ಯಾವ ವಿಳಾಸದಿಂದ ಬಂದವರಿಗೆ ಪ್ರವೇಶ ಎಂಬ ನಿಯಮದಲ್ಲಿ ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ ಎಂದು ಚುಕ್ಕಿಯಿಟ್ಟು ಬರೆದು ಒಂದು ಓರೆಗೆರೆ ಎಳೆದು ಮತ್ತೊಂದು ಸೊನ್ನೆ ಹಾಕಿದರೆ ಅದರ ಅರ್ಥ ‘ಜಗತ್ತಿನಲ್ಲಿರುವ ಯಾರಾದರೂ’ ಎಂದು. ಸರ್ವರ್‌ನ ಆಡಳಿತದ ಬಾಗಿಲಿಗೆ ಇಂಥ ನಿಯಮವೊಂದು ಸೇರಿದಾಗ ಪ್ಲಾನ್ ತೋರಿಸುವುದು ಒಂದು ಕೂಡಿಸುವ ಚಿಹ್ನೆ, ಹಸುರು ಬಣ್ಣದಲ್ಲಿ. ಏನೂ ಅಳಿಯುವುದಿಲ್ಲ, ಏನೂ ಕೆಡುವುದಿಲ್ಲ, ಕೋಟೆಯ ಬಾಗಿಲು ಮಾತ್ರ ತೆರೆದಿರುತ್ತದೆ. ಅಲೆಗೆರೆಯ ವಿಕಾರವೂ ಹೀಗೆಯೇ. ಒಬ್ಬ ನೌಕರನ ಅಧಿಕಾರವನ್ನು ‘ಓದುವುದು’ ಎಂಬಲ್ಲಿಂದ ‘ಎಲ್ಲವೂ’ ಎಂಬಲ್ಲಿಗೆ ಹಿಗ್ಗಿಸಲು ಒಂದು ನಕ್ಷತ್ರಚಿಹ್ನೆ ಸಾಕು. ಚಿಹ್ನೆಯ ಬಣ್ಣ ಕ್ರಿಯೆಯ ಜಾತಿಯನ್ನು ಸೂಚಿಸುತ್ತದೆಯೇ ವಿನಾ ಅಪಾಯದ ಪ್ರಮಾಣವನ್ನಲ್ಲ.

ಅಪಾಯವು ಬದಲಾವಣೆ ನಡೆದ ಜಾಗದಲ್ಲಿಯೇ ಇರಬೇಕೆಂಬ ನಿಯಮವೂ ಇಲ್ಲ. ಇದನ್ನು ಕೆ.ಜಿ.ಎಫ್.ನ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಾಂಪಿಯನ್ ರೀಫ್ ಗಣಿಯು ನೆಲದಿಂದ ಸುಮಾರು 3.2 ಕಿಲೋಮೀಟರು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಒಂದು ಕಡೆ ಅದಿರನ್ನು ತೆಗೆದಾಗ, ಆ ಬಂಡೆ ಹೊತ್ತಿದ್ದ ಭಾರವು ಮಾಯವಾಗುವುದಿಲ್ಲ. ಪಕ್ಕದಲ್ಲಿ ಉಳಿದ ಬಂಡೆಗಳ ಮೇಲೆ ಹೋಗಿ ಕೂರುತ್ತದೆ. ಅವು ಹೊರುವಷ್ಟು ಹೊತ್ತು, ಒಂದು ಗಳಿಗೆಯಲ್ಲಿ ಸಿಡಿಯುತ್ತವೆ. ಸಿಡಿತವು ಅದಿರು ತೆಗೆದ ಕೂಡಲೇ ಆಗಬೇಕಾಗಿಲ್ಲ, ತೆಗೆದ ಜಾಗದಲ್ಲಿಯೇ ಆಗಬೇಕಾಗಿಯೂ ಇಲ್ಲ. ಈ ಶಿಲಾಸ್ಫೋಟಗಳು ಬಲಿ ತೆಗೆದುಕೊಂಡ ಜೀವಗಳ ನೆನಪು ಇಲ್ಲಿನ ಎಷ್ಟೋ ಮನೆಗಳಲ್ಲಿ ಇದೆ. ಯಾವ ಭಾಗವನ್ನು ತೆಗೆಯಬೇಕು, ಯಾವುದನ್ನು ಕಂಬವಾಗಿ ಬಿಡಬೇಕು, ಪೊಳ್ಳಾದ ಕಡೆ ಕಲ್ಲಿನ ಆಧಾರವನ್ನು ಹೇಗೆ ಕಟ್ಟಬೇಕು ಎಂಬ ವಿಚಾರ ಇಲ್ಲಿ ದಶಕಗಳ ಕಾಲ ನಡೆಯಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆಯು ಕೆ.ಜಿ.ಎಫ್.ನಲ್ಲಿಯೇ ಸ್ಥಾಪಿತವಾದುದು ಆಕಸ್ಮಿಕವೇನಲ್ಲ. ಕಂಪ್ಯೂಟರ್ ಮೂಲಸೌಕರ್ಯದಲ್ಲಿಯೂ ಒಂದೊಂದು ವಸ್ತು ಇನ್ನಾವುದರದೋ ಭಾರವನ್ನು ಹೊತ್ತಿರುತ್ತದೆ. ಹೆಸರನ್ನು ವಿಳಾಸಕ್ಕೆ ಹೊಂದಿಸುವ ಪಟ್ಟಿಯಲ್ಲಿ ಒಂದು ನಮೂದು ‘ಯಾರೂ ಬಳಸುತ್ತಿಲ್ಲ’ ಎಂದು ತೆಗೆದರೆ, ತಿಂಗಳ ಕೊನೆಗೆ ಮಾತ್ರ ಓಡುವ ಸಂಬಳದ ಲೆಕ್ಕವು ಅದನ್ನೇ ಅರಸುತ್ತ ಬಂದು ನಿಲ್ಲಬಹುದು. ಒಂದು ಬದಲಾವಣೆ ಕೆಟ್ಟರೆ ಎಲ್ಲಿಯವರೆಗೆ ಹಾನಿ ಎಂಬುದನ್ನು ಈ ವೃತ್ತಿಯವರು ‘ಸಿಡಿತದ ವ್ಯಾಪ್ತಿ’ ಎಂಬ ಅರ್ಥದ ಮಾತಿನಿಂದಲೇ ಕರೆಯುತ್ತಾರೆ. ಮದ್ದು ತುಂಬಿ ಸಿಡಿಸುವ ಮುನ್ನ ಆ ವ್ಯಾಪ್ತಿಯಿಂದ ಜನರನ್ನು ಹೊರಡಿಸುತ್ತಿದ್ದ ಊರಿನ ಮಕ್ಕಳಿಗೆ ಈ ಮಾತಿನ ಅರ್ಥ ಬೇಗ ಹಿಡಿಯಬೇಕು.

ಗಣಿಯಂತೆಯೇ ರೈಲ್ವೆಯೂ ಈ ಪಾಠಕ್ಕೆ ಸಮೀಪದ ಸಾಕ್ಷಿ. ಬಂಗಾರಪೇಟೆಯಂತಹ ಜಂಕ್ಷನ್ನಿನಲ್ಲಿ ಕೈಕಂಬಕ್ಕೂ ಹಳಿ ಹೊರಳಿಸುವ ಸಾಧನಕ್ಕೂ ಪರಸ್ಪರ ಬಂಧನವಿರುತ್ತದೆ. ಹಳಿ ಒಂದು ದಾರಿಗೆ ಹೊರಳಿರುವಾಗ ಇನ್ನೊಂದು ದಾರಿಗೆ ಹಸುರು ದೀಪ ಬರಲಾಗದು. ಇದು ತಂತಿಗಳಲ್ಲಿ ಬರೆದ ವಿಧಿವಾಕ್ಯವೇ ಸರಿ. 2023ರ ಫೆಬ್ರುವರಿ 8ರಂದು ನೈಋತ್ಯ ರೈಲ್ವೆಯ ಮೈಸೂರು ವಿಭಾಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ದೀಪ ತೋರಿಸಿದ ದಾರಿ ಒಂದು, ಹಳಿ ಹೊರಳಿದ್ದ ದಾರಿ ಇನ್ನೊಂದು ಆಗಿತ್ತು. ಚಾಲಕನು ಅದನ್ನು ಗಮನಿಸಿ ಗಾಡಿಯನ್ನು ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು. ವ್ಯವಸ್ಥೆಯಲ್ಲಿ ಗಂಭೀರ ದೋಷವಿದೆಯೆಂದು ಆ ರೈಲ್ವೆಯ ಉನ್ನತ ಕಾರ್ಯಾಚರಣಾಧಿಕಾರಿಯೊಬ್ಬರು ಅದೇ ತಿಂಗಳಲ್ಲಿ ಪತ್ರ ಬರೆದು ಎಚ್ಚರಿಸಿದರು. ನಾಲ್ಕು ತಿಂಗಳೂ ತುಂಬಿರಲಿಲ್ಲ. ಜೂನ್ 2ರಂದು ಒಡಿಶಾದ ಬಹನಾಗಾ ಬಜಾರಿನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಮಾರ್ಗದ ಹಸುರು ದೀಪ ತೋರಿತು, ಹಳಿಯೋ ಸರಕು ಗಾಡಿ ನಿಂತಿದ್ದ ಪಕ್ಕದ ಮಾರ್ಗಕ್ಕೆ ಹೊರಳಿತ್ತು. 290ಕ್ಕೂ ಹೆಚ್ಚು ಜನ ಮಡಿದರು. ಹಿಂದೆ ಎಂದೋ ಸಿಗ್ನಲ್ ಮಂಡಲದಲ್ಲಿ ಮಾಡಿದ್ದ ಮಾರ್ಪಾಟಿನ ದೋಷವೂ, ಲೆವೆಲ್ ಕ್ರಾಸಿಂಗಿನ ಗೇಟಿನ ವಿದ್ಯುತ್ ಸಾಧನವನ್ನು ಬದಲಿಸುವ ಕೆಲಸದಲ್ಲಿ ಆದ ದೋಷವೂ ಸೇರಿ ಹೀಗಾಯಿತೆಂದು ರೈಲ್ವೆ ಸುರಕ್ಷಾ ಆಯುಕ್ತರ ತನಿಖೆ ಕಂಡುಕೊಂಡಿತು. ಗೇಟಿನ ಸಾಧನವನ್ನು ಬದಲಿಸುವುದು ನಿಲ್ದಾಣದ ದೃಷ್ಟಿಯಲ್ಲಿ ಸಣ್ಣ ಕೆಲಸ. ಸಣ್ಣ ಕೆಲಸವೆಂಬ ಭಾವನೆಯಿಂದಲೇ ತಂತಿಗಳ ಹಳೆಯ ತಿದ್ದುಪಡಿಯನ್ನು ನಕ್ಷೆಯೊಡನೆ ಹೋಲಿಸುವ ಶ್ರಮವು ತಪ್ಪಿಹೋಗುತ್ತದೆ.

ನಕ್ಷೆಯಲ್ಲಿ ಒಂದು, ನೆಲದಲ್ಲಿ ಇನ್ನೊಂದು ಎಂಬ ಈ ಸ್ಥಿತಿ ಕಂಪ್ಯೂಟರ್‌ಗಳಲ್ಲಿಯೂ ನಿತ್ಯದ ರೋಗ. ರಾತ್ರಿ ಹೊತ್ತು ಏನೋ ಕೆಟ್ಟು, ಕಡತವನ್ನು ತಿದ್ದುವಷ್ಟು ಪುರುಸೊತ್ತಿಲ್ಲದೆ, ಒಬ್ಬನು ನೇರವಾಗಿ ಸರ್ವರ್‌ನ ಗಾತ್ರವನ್ನು ಹಿಗ್ಗಿಸಿ ಮಲಗಿರುತ್ತಾನೆ. ಕಡತಕ್ಕೆ ಅದು ತಿಳಿಯದು. ಮೂರು ವಾರಗಳ ಮೇಲೆ ಬೇರೊಬ್ಬನು ಬೇರಾವುದೋ ಬದಲಾವಣೆಗಾಗಿ ಪ್ಲಾನ್ ತೆಗೆದಾಗ, ಕಡತದಲ್ಲಿರುವಂತೆ ಆ ಸರ್ವರ್‌ನ್ನು ಮತ್ತೆ ಕುಗ್ಗಿಸುತ್ತೇನೆ ಎಂಬ ಸಾಲೂ ಪಟ್ಟಿಯಲ್ಲಿ ಸೇರಿಕೊಳ್ಳುತ್ತದೆ. ಓಲೆಗರಿಯ ಪ್ರತಿಗಳನ್ನು ಸಂಪಾದಿಸಿದವರಿಗೆ ಇದರ ಸಾಮ್ಯ ಹೊಳೆಯುತ್ತದೆ. ಒಂದು ಪ್ರತಿಯ ಅಂಚಿನಲ್ಲಿ ವಿದ್ವಾಂಸನೊಬ್ಬ ಬರೆದ ಶುದ್ಧಪಾಠವನ್ನು ಅರಿಯದ ಲಿಪಿಕಾರನು ಮೂಲದ ತಪ್ಪನ್ನೇ ಶ್ರದ್ಧೆಯಿಂದ ನಕಲು ಮಾಡಿ ಹಿಂದಿರುಗಿಸುತ್ತಾನೆ. ಆದುದರಿಂದ ಪರಿಶೀಲಕನು ಮೊತ್ತಮೊದಲು ನೋಡಬೇಕಾದುದು ಸಂಖ್ಯೆಯನ್ನು. ಬದಲಾವಣೆ ತಂದವನು ಹೇಳಿದ್ದು ಒಂದು, ಪ್ಲಾನ್ ಹೇಳುವುದು ಹನ್ನೊಂದು ಎಂದಾದರೆ ಉಳಿದ ಹತ್ತು ಎಲ್ಲಿಂದ ಬಂದವೆಂಬುದು ಬಗೆಹರಿಯುವ ತನಕ ಮುಂದಿನ ಓದೇ ಬೇಡ.

ಪ್ಲಾನ್ ಕೂಡ ಎಲ್ಲವನ್ನೂ ಹೇಳುವುದಿಲ್ಲ. ಕೆಲವು ಬೆಲೆಗಳ ಮುಂದೆ ‘ಅಪ್ಲೈ ಆದ ಮೇಲೆ ತಿಳಿಯುವುದು’ ಎಂದಷ್ಟೇ ಇರುತ್ತದೆ. ಅಲ್ಲಿ ಪರಿಶೀಲಕನು ದೀಪವಿಲ್ಲದೆ ಇಳಿಯುತ್ತಿದ್ದಾನೆ ಎಂದೇ ತಿಳಿಯಬೇಕು. ಬರೆಯದೆ ಬಿಟ್ಟ ಮಾತಿನ ಪರಿಣಾಮಕ್ಕಂತೂ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ನಿವೃತ್ತಿನಿಧಿ ಸಂಸ್ಥೆಗೆ ಆದ ಪ್ರಸಂಗವನ್ನು ನೋಡಬೇಕು. ಅದಕ್ಕಾಗಿ ಗೂಗಲ್ ಸಂಸ್ಥೆಯವರು ಕ್ಲೌಡ್ ವ್ಯವಸ್ಥೆಯನ್ನು ಸಿದ್ಧಪಡಿಸುವಾಗ ಒಂದು ಅಂಶವನ್ನು ಖಾಲಿ ಬಿಟ್ಟಿದ್ದರು. ಖಾಲಿ ಇದ್ದರೆ ಅವಧಿ ಒಂದು ವರ್ಷವೆಂದು ಯಂತ್ರವು ತಾನೇ ಗ್ರಹಿಸಿತು. ವರ್ಷ ಮುಗಿದೊಡನೆ, 2024ರ ಮೇ ತಿಂಗಳಲ್ಲಿ, ವ್ಯವಸ್ಥೆಯನ್ನೆಲ್ಲ ತಾನಾಗಿ ಅಳಿಸಿಬಿಟ್ಟಿತು. ಆರು ಲಕ್ಷಕ್ಕೂ ಮಿಕ್ಕ ಸದಸ್ಯರು ತಮ್ಮ ನಿವೃತ್ತಿಯ ಹಣದ ಲೆಕ್ಕವನ್ನು ದಿನಗಟ್ಟಲೆ ನೋಡಲಾರದೆ ಹೋದರು. ಬೇರೆ ಕಡೆಯೂ ಪ್ರತಿಗಳನ್ನು ಇಟ್ಟಿದ್ದುದು ಅವರನ್ನು ಉಳಿಸಿತು. ಖಾಲಿ ಬಿಟ್ಟ ಆ ಸ್ಥಾನವು ಯಾರ ಪರಿಶೀಲನೆಯಲ್ಲಿಯೂ ಕೆಂಪಾಗಿ ತೋರಿರಲಾರದು.

ಇಷ್ಟೆಲ್ಲವನ್ನು ಮನುಷ್ಯನೇ ನೋಡಬೇಕೇ, ಯಂತ್ರವೇ ನೋಡಬಾರದೇ ಎಂಬ ಪ್ರಶ್ನೆ ಸಹಜ. ಯಂತ್ರವೂ ನೋಡುತ್ತದೆ. ಜಗತ್ತಿಗೆಲ್ಲ ಬಾಗಿಲು ತೆರೆಯುವ ನಿಯಮ, ಗೂಢಲಿಪಿಯಿಲ್ಲದ ಕೋಶ, ದತ್ತಾಂಶದ ಲೋಪ, ಇಂಥವು ಕಂಡಕೂಡಲೇ ತಡೆಯುವ ಪರೀಕ್ಷಾತಂತ್ರಗಳು ಹೇರಳವಾಗಿವೆ, ಬಳಸುವುದೇ ಯುಕ್ತ. ಆದರೆ 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ಕಿನಲ್ಲಿ ಆದುದನ್ನು ಮರೆಯಬಾರದು. ವಾಡಿಕೆಯ ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆ ಆ ಸಂಸ್ಥೆಯ ಜಾಲದ ಬೆನ್ನೆಲುಬನ್ನೇ ಕತ್ತರಿಸಿತು. ಇಂಥ ಆಜ್ಞೆಗಳನ್ನು ಪರಿಶೀಲಿಸಿ ತಡೆಯುವ ತಂತ್ರವೊಂದು ಅಲ್ಲಿತ್ತು. ಆ ತಂತ್ರದಲ್ಲಿಯೇ ದೋಷವಿದ್ದುದರಿಂದ ಅದು ತಡೆಯಲಿಲ್ಲ. ಸುಮಾರು ಆರು ಗಂಟೆಗಳ ಕಾಲ ಎಲ್ಲವೂ ಸ್ತಬ್ಧ. ಸರಿಪಡಿಸುವ ಸಾಧನಗಳೂ ಅದೇ ಜಾಲವನ್ನು ಅವಲಂಬಿಸಿದ್ದುದರಿಂದ ಎಂಜಿನಿಯರುಗಳು ಸರ್ವರ್‌ಗಳಿದ್ದ ಕಟ್ಟಡಗಳಿಗೆ ಖುದ್ದಾಗಿ ಹೋಗಬೇಕಾಯಿತು. ಇಳಿದವನನ್ನು ಮೇಲೆತ್ತುವ ಹಗ್ಗವನ್ನು ಅವನು ಕಡಿಯುವ ಬಂಡೆಗೇ ಕಟ್ಟಿದಂತಾಗಿತ್ತು. ಅಮೆಜಾನ್ ಉಗ್ರಾಣ ವಿಭಾಗದ 2017ರ ಪ್ರಸಂಗವೂ ಇದೇ ಜಾತಿಯದು. ಕೆಲವೇ ಸರ್ವರ್‌ಗಳನ್ನು ತೆಗೆಯಲು ಕೊಟ್ಟ ಆಜ್ಞೆಯಲ್ಲಿ ಒಂದು ಅಂಶ ತಪ್ಪಿ ಬಹಳಷ್ಟು ಸರ್ವರ್‌ಗಳು ಹೋದವು. ಎಷ್ಟೇ ಹೇಳಿದರೂ ಒಂದು ಮಿತಿಗಿಂತ ಕೆಳಕ್ಕೆ ತೆಗೆಯದಂತೆಯೂ ನಿಧಾನವಾಗಿ ತೆಗೆಯುವಂತೆಯೂ ಆಮೇಲೆ ಆ ಸಾಧನವನ್ನು ತಿದ್ದಿದರು. ಆ ದಿನಾಂಕವೂ ಫೆಬ್ರುವರಿ 28, ಕಾಕತಾಳೀಯವೆನ್ನಬೇಕು.

ಪರಿಶೀಲಕನಾದವನು ತಂದವನನ್ನು ಕೇಳಬೇಕಾದ ಪ್ರಶ್ನೆಗಳು ಬಹಳವಿಲ್ಲ. ಹಿಂದಕ್ಕೆ ತೆಗೆದುಕೊಳ್ಳಲು ಬರುವುದೇ ಎಂಬುದು ಎಲ್ಲಕ್ಕೂ ಮೊದಲಿನದು. ಸರ್ವರ್‌ನ ಗಾತ್ರವನ್ನು ಬದಲಿಸಿ ನಾಳೆ ಮತ್ತೆ ಹಿಂದಿನಂತೆ ಮಾಡಬಹುದು. ಅಳಿದ ದತ್ತಾಂಶಕ್ಕೆ ಹಿಂದಿಲ್ಲ. ಪ್ರತಿ ಇದೆ ಎಂದು ಉತ್ತರ ಬಂದರೆ, ಆ ಪ್ರತಿಯಿಂದ ಕೊನೆಯ ಬಾರಿ ಮರಳಿ ಪಡೆದು ನೋಡಿದ್ದು ಎಂದು ಎಂಬುದು ಮುಂದಿನ ಪ್ರಶ್ನೆ. ಈ ಎರಡನೆಯ ಪ್ರಶ್ನೆಗೆ ಮೌನವೇ ಉತ್ತರವಾಗುವುದು ಅಪರೂಪವಲ್ಲ. ಮುನ್ನೂರು ಸಾಲಿನ ಬದಲಾವಣೆ ಬಂದರೆ ಅದನ್ನು ಐದಾರು ತುಂಡುಗಳಾಗಿ ಮಾಡಿಕೊಂಡು ಬರಲು ಹಿಂದಿರುಗಿಸುವುದೇ ಲೇಸು. ಹತ್ತು ಸಾಲನ್ನು ಕಣ್ಣಿಟ್ಟು ಓದುವವನು ಮುನ್ನೂರು ಸಾಲನ್ನು ನಂಬಿಕೆಯಿಂದ ಓದುತ್ತಾನೆ. ಓದಿದ ಪ್ಲಾನನ್ನು ಕಡತವಾಗಿ ಉಳಿಸಿ ಅದನ್ನೇ ಅಪ್ಲೈ ಮಾಡಬೇಕು. ಬೆಳಿಗ್ಗೆ ಒಂದು ಪ್ಲಾನಿಗೆ ಸಮ್ಮತಿ ಪಡೆದು, ಸಂಜೆ ಹೊಸದಾಗಿ ತೆಗೆದ ಇನ್ನೊಂದನ್ನು ನಡೆಸಿದರೆ, ಓದಿದ್ದು ಒಂದು ಗ್ರಂಥ, ಅಚ್ಚಾದದ್ದು ಇನ್ನೊಂದು. ಉಳಿಸಿದ ಪ್ಲಾನಿನ ಆಧಾರವಾದ ದಾಖಲೆಯು ಅಷ್ಟರಲ್ಲಿ ಬದಲಾಗಿದ್ದರೆ ಟೆರಾಫಾರ್ಮೇ ಅದನ್ನು ಹಳಸಿತೆಂದು ನಿರಾಕರಿಸುತ್ತದೆ. ಇದು ಉಪಕಾರವೇ ಆದರೂ ಆ ಕ್ಷಣದಲ್ಲಿ ಕಿರಿಕಿರಿಯಾಗಿ ತೋರುವುದರಿಂದ ಮತ್ತೆ ತೆಗೆದ ಪ್ಲಾನನ್ನು ಓದದೆ ನ‌ಡೆಸುವ ಚಪಲ ಹುಟ್ಟುತ್ತದೆ.

ಇವೆಲ್ಲಕ್ಕಿಂತ ಕಷ್ಟವಾದುದು ಪರಿಶೀಲಕನ ಸ್ಥಾನ. ಬರೆದವನು ಹಿರಿಯ, ಓದುವವನು ಕಿರಿಯನಾಗಿರಬಹುದು. ಕೊನೆಯ ರೈಲಿನ ಹೊತ್ತು ಸಮೀಪಿಸಿರಬಹುದು. ಅಂಥ ಹೊತ್ತಿನಲ್ಲಿ ‘ಇದು ಏಕೆ ಅಳಿಯುತ್ತಿದೆ, ತಿಳಿಯಲಿಲ್ಲ’ ಎಂದು ಹೇಳಿ ಸಮ್ಮತಿಯನ್ನು ತಡೆಹಿಡಿಯುವ ಅಧಿಕಾರ ಕಿರಿಯನಿಗೂ ಇರಬೇಕು, ತಡೆಹಿಡಿದುದಕ್ಕಾಗಿ ಅವನು ಯಾರಿಗೂ ಸಮಜಾಯಿಷಿ ಕೊಡಬೇಕಾಗಿ ಬರಬಾರದು. ಹೊಸದುರ್ಗ ರೋಡಿನಲ್ಲಿ ಗಾಡಿಯನ್ನು ನಿಲ್ಲಿಸಿದ ಚಾಲಕನಿಗೆ ಎದುರಿಗಿದ್ದುದು ಮುಂದೆ ಹೋಗಬಹುದೆಂಬ ದೀಪವೇ.

ಟೆರಾಫಾರ್ಮಿನಲ್ಲಿ ಒಂದು ವಸ್ತುವಿನ ಕೆಳಗೆ ‘ಇದನ್ನು ಅಳಿಸಕೂಡದು’ ಎಂಬ ಒಂದು ಸಾಲನ್ನು ಬರೆದಿಡಲು ಬರುತ್ತದೆ. ಆ ಸಾಲು ಇರುವಷ್ಟು ಕಾಲ, ಲೋಪವನ್ನಾಗಲಿ ಆದೇಶವನ್ನಾಗಲಿ ಬಯಸುವ ಯಾವ ಪ್ಲಾನೂ ಮುಂದುವರಿಯದೆ ದೋಷವೆಂದು ನಿಲ್ಲುತ್ತದೆ. ದತ್ತಾಂಶಕೋಶಗಳಿಗೆಲ್ಲ ಇದನ್ನು ಬರೆದಿರುವುದು ಉತ್ತಮ ಪದ್ಧತಿ. ಆದರೆ ಈ ಕಾವಲಿನಲ್ಲಿಯೂ ಒಂದು ಬಿರುಕಿದೆ. ವಸ್ತುವಿನ ವಾಕ್ಯವನ್ನೇ ಕಡತದಿಂದ ಪೂರ್ತಿಯಾಗಿ ತೆಗೆದುಹಾಕಿದರೆ, ಅದರೊಳಗಿದ್ದ ಕಾವಲಿನ ಸಾಲೂ ಅದರೊಡನೆ ಹೋಗುತ್ತದೆ. ತಡೆಯಲು ಆಗ ಯಾರೂ ಇರುವುದಿಲ್ಲ. ತಿದ್ದುಪಡಿಯಲ್ಲಿ ಆ ಸಾಲು ಕಳೆಯುವ ಚಿಹ್ನೆಯೊಡನೆ ಕಾಣಿಸಿತೆಂದರೆ, ಅದು ಒಂಟಿಯಾಗಿ ಇರಲಿ, ಅಳಿಸಿದ ಇಪ್ಪತ್ತು ಸಾಲುಗಳ ನಡುವೆ ಇರಲಿ, ಪರಿಶೀಲಕನು ಉಳಿದ ಓದನ್ನು ಅಲ್ಲಿಂದ ಆರಂಭಿಸಬೇಕು.